ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕ್ಬೇಕಾ, 10ರಲ್ಲೇ ಮುಂದುವರೀಬೇಕಾ?

ಹೊಂಗೆನೆರಳು:

ಎಲ್ರಿಗೂ ನಮಸ್ಕಾರ. ನನ್ನ ಹತ್ರ ಇರೋದು 2017ರ ಲ್ಯಾಪ್‌ಟಾಪ್, ಇಂಟೆಲ್ ಐ5-7200ಯು, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10 ಹೋಮ್ 22ಎಚ್2. ಬ್ಯಾಟರಿ ಒಂದು ಬಿಟ್ರೆ ಮಿಕ್ಕಿದ್ದೆಲ್ಲಾ ಸರಿಯಾಗೇ ಇದೆ, ಸ್ಕ್ರೀನ್ ಚೆನ್ನಾಗಿದೆ, ಕೀಬೋರ್ಡಂತೂ ಕೈಗೆ ಒಗ್ಗಿಹೋಗಿದೆ. ನಾನು ಅನುವಾದದ ಕೆಲಸ ಮಾಡ್ತೀನಿ, ಅಂದ್ರೆ ಬೆಳಿಗ್ಗೆಯಿಂದ ವರ್ಡ್, ಬ್ರೌಸರಲ್ಲಿ ಹತ್ತಿಪ್ಪತ್ತು ಟ್ಯಾಬು, ಆಗಾಗ ಒಂದು ಹಳೇ ಸ್ಕ್ಯಾನರಲ್ಲಿ ಪುಟಗಳನ್ನ ಸ್ಕ್ಯಾನ್ ಮಾಡ್ಕೊಳ್ಳೋದು, ಸಂಜೆ ಆದ್ಮೇಲೆ ಮಗಳು ಅದೇ ಲ್ಯಾಪ್‌ಟಾಪಲ್ಲಿ ಓದ್ಕೋತಾಳೆ. ಮನೇಲಿ ಬೇರೆ ಕಂಪ್ಯೂಟರ್ ಇಲ್ಲ.

ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತಲ್ಲ, ಆಗಿಂದ ಅಪ್‌ಡೇಟ್ ಪೇಜ್ ತೆಗೆದ್ರೆ ಸಾಕು ಅದೇ ಎಚ್ಚರಿಕೆ. 11 ಹಾಕೋಕಾಗುತ್ತಾ ಅಂತ ಹೇಳೋ ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಓಡಿಸಿ ನೋಡ್ದೆ, ಟಿಪಿಎಂ 2.0ಗೆ (ಸೆಕ್ಯೂರಿಟಿ ಕೀಗಳನ್ನ ಕಾಪಾಡೋ ಭಾಗ) ಹಸಿರು ಟಿಕ್ ಬಂತು, ರ‍್ಯಾಮಿಗೂ ಬಂತು, ಪ್ರೊಸೆಸರ್ ಹತ್ರ ಮಾತ್ರ ಸಪೋರ್ಟ್ ಇಲ್ಲ ಅಂತ ಕೆಂಪು ಗುರುತು. ಗೊತ್ತಿರೋರನ್ನ ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ, ಚೆಕ್ಕನ್ನ ದಾಟಿಸಿ 11 ಹಾಕ್ಬಿಡಿ ಅಂತ ಒಬ್ರು, 10ರಲ್ಲೇ ಇರಿ ಏನೂ ಆಗಲ್ಲ ಅಂತ ಇನ್ನೊಬ್ರು, ಅದನ್ನ ಬಿಸಾಕಿ ಹೊಸದು ತಗೊಳ್ಳಿ ಅಂತ ಮತ್ತೊಬ್ರು. ಇದರ ಜೊತೆಗೆ ಲ್ಯಾಪ್‌ಟಾಪ್ ಇತ್ತೀಚೆಗೆ ತುಂಬಾ ನಿಧಾನ ಆಗಿದೆ, ಆನ್ ಮಾಡಿ ಕಾಫಿ ಕುಡಿದು ಬಂದ್ರೂ ಇನ್ನೂ ಸುತ್ತಾ ಇರುತ್ತೆ. 11 ಹಾಕಿದ್ರೆ ಅದು ಸರಿಹೋಗುತ್ತಾ, ಇಲ್ಲಾ ಇನ್ನೂ ಹದಗೆಡುತ್ತಾ? ನಿಜವಾಗಲೂ ಏನ್ ಮಾಡ್ಬೇಕು ಅಂತ ಅನುಭವ ಇರೋರು ಹೇಳಿ ಪ್ಲೀಸ್.

ದೀಪುಟೆಕ್:

ಯೋಚನೆ ಮಾಡ್ಬೇಡಿ, 11 ಹಾಕ್ಕೊಳ್ಳಿ. ರುಫಸ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಅದ್ರಲ್ಲಿ 8 ಜಿಬಿ ಪೆನ್‌ಡ್ರೈವಿಗೆ ಐಎಸ್ಒ (11ರ ಇನ್‌ಸ್ಟಾಲ್ ಫೈಲ್) ಬರೀವಾಗ ಟಿಪಿಎಂ, ಸೆಕ್ಯೂರ್ ಬೂಟ್ (ನಂಬಬಹುದಾದ ಸಿಸ್ಟಮ್ ಮಾತ್ರ ಶುರುವಾಗೋ ಹಾಗೆ ನೋಡ್ಕೊಳ್ಳೋದು) ಚೆಕ್ ತೆಗೀಬೇಕಾ ಅಂತ ಅದೇ ಕೇಳುತ್ತೆ, ಟಿಕ್ ಹಾಕಿದ್ರೆ ಮುಗೀತು. ನನ್ನದು ನಿಮ್ಮದಕ್ಕಿಂತ ಹಳೇದು, 6ನೇ ಜನರೇಶನ್, ಎಸ್ಎಸ್‌ಡಿ ಇದೆ (ತಿರುಗೋ ಭಾಗ ಇಲ್ಲದ ಡಿಸ್ಕ್), 11 ಆರಾಮಾಗಿ ಓಡ್ತಿದೆ, ತಿಂಗಳ ಅಪ್‌ಡೇಟೂ ಬರ್ತಿದೆ. ಸುಮ್ನೆ ಹೆದರಿಸ್ತಾರೆ ಅಷ್ಟೇ.

ಕೀಲಿಮಣೆ:

ದೀಪು ಹೇಳಿದ್ದು ಅವರ ಮಟ್ಟಿಗೆ ಸರಿ, ಆದ್ರೆ ಅವರೇ ಮಧ್ಯದಲ್ಲಿ ಒಂದು ಮಾತು ಹೇಳಿ ಮುಂದೆ ಹೋಗಿದಾರೆ ನೋಡಿ, "ಎಸ್ಎಸ್‌ಡಿ ಇದೆ" ಅಂತ. ಹೊಂಗೆನೆರಳು ಅವರೇ, ನಿಮ್ಮ ಪ್ರಶ್ನೇಲಿ ಎರಡು ಬೇರೆ ಬೇರೆ ವಿಷಯ ಇದೆ, ಒಂದು ಸೆಕ್ಯೂರಿಟಿ ಅಪ್‌ಡೇಟ್ ನಿಂತಿದ್ದು, ಇನ್ನೊಂದು ನಿಧಾನ ಆಗಿರೋದು. ಎರಡನ್ನೂ ಒಂದೇ ಅಂದ್ಕೊಂಡು 11 ಹಾಕೋಕೆ ಹೊರಟ್ರೆ ಎರಡೂ ಸರಿಹೋಗಲ್ಲ.

ನಿಧಾನದ ವಿಷಯ ಮೊದಲು ನೋಡೋಣ. 2017ರ ಲ್ಯಾಪ್‌ಟಾಪಲ್ಲಿ 1 ಟಿಬಿ ಹಾರ್ಡ್ ಡಿಸ್ಕ್ ಅಂದ್ರೆ ಹೆಚ್ಚೂಕಮ್ಮಿ ಎಲ್ಲಾ 5400 ಆರ್‌ಪಿಎಂ ತಿರುಗೋ ಡಿಸ್ಕೇ. ಒಂದು ದೊಡ್ಡ ಫೈಲನ್ನ ಒಂದೇ ಸಮ ಓದು ಅಂದ್ರೆ ಅದು ಪರವಾಗಿಲ್ಲ, ಸೆಕೆಂಡಿಗೆ 100 ಎಂಬಿ ಹತ್ತತ್ರ ಓದುತ್ತೆ. ಆದ್ರೆ ವಿಂಡೋಸ್ ಶುರುವಾಗುವಾಗ ಮಾಡೋದು ಆ ಥರದ ಓದಲ್ಲ, ಡಿಸ್ಕಿನ ಮೂಲೆ ಮೂಲೇಲಿರೋ ಸಾವಿರಾರು ಸಣ್ಣ ಫೈಲುಗಳನ್ನ ಒಟ್ಟಿಗೆ ಕೇಳುತ್ತೆ, ಒಂದೊಂದಕ್ಕೂ ಒಳಗಿರೋ ಹೆಡ್ ಅಲ್ಲಿಂದ ಇಲ್ಲಿಗೆ ಓಡಾಡ್ಬೇಕು, ಹಾಗಾಗಿ ಸೆಕೆಂಡಿಗೆ ನೂರರ ಆಸುಪಾಸು ಸಲ ಓದೋದ್ರಲ್ಲೇ ಅದು ಸುಸ್ತಾಗುತ್ತೆ. ಸಾಧಾರಣ ಸಾಟಾ ಎಸ್ಎಸ್‌ಡಿ ಕೂಡ ಅದೇ ಕೆಲಸನ ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತೆ. ನಿಮ್ಮ ಪ್ರೊಸೆಸರ್ ನಿಧಾನ ಅಲ್ಲ, ಪಾಪ ಅದು ಡಿಸ್ಕಿಂದ ಯಾವಾಗ ಬರುತ್ತೆ ಅಂತ ಕಾಯ್ತಾ ಕೂತಿದೆ ಅಷ್ಟೇ.

ಇದನ್ನ ನೀವೇ ನೋಡ್ಬಹುದು. ಲ್ಯಾಪ್‌ಟಾಪ್ ಆನ್ ಆದ ತಕ್ಷಣ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ಬರುತ್ತೆ, ಪರ್ಫಾರ್ಮೆನ್ಸ್ ಟ್ಯಾಬಿಗೆ ಹೋಗಿ ಎಡಗಡೆ ಡಿಸ್ಕ್ ಮೇಲೆ ಕ್ಲಿಕ್ ಮಾಡಿ. ಆ್ಯಕ್ಟಿವ್ ಟೈಮ್ 100%ಗೆ ಅಂಟ್ಕೊಂಡು, ಸಿಪಿಯು ಮಾತ್ರ 15, 20%ರಲ್ಲಿ ಆರಾಮಾಗಿದ್ರೆ ಕಾರಣ ಸಿಕ್ಕಿತು ಅಂತಾನೇ ಅರ್ಥ. ಈ ಡಿಸ್ಕ್ ಮೇಲೆ 11 ಹಾಕಿದ್ರೆ ಇನ್ನೂ ನಿಧಾನಾನೇ ಆಗುತ್ತೆ, ಯಾಕಂದ್ರೆ ಅದು ಹಿಂದುಗಡೆ ನಡೆಸೋ ಕೆಲಸಗಳು 10ಕ್ಕಿಂತ ಜಾಸ್ತಿ.

ಇನ್ನೊಂದು ಮುಖ್ಯವಾದ್ದು. ಯಾವ ಅಪ್‌ಗ್ರೇಡಿಗೂ ಕೈ ಹಾಕೋ ಮೊದ್ಲು ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಚಿಕ್ಕ ಸಾಫ್ಟ್‌ವೇರ್ ಹಾಕಿ ಡಿಸ್ಕಿನ ಆರೋಗ್ಯ ನೋಡಿ. ನೀಲಿ ಬಣ್ಣದಲ್ಲಿ ಗುಡ್ ಅಂತ ಬಂದ್ರೆ ಸರಿ. ಹಳದಿ ಬಂದ್ರೆ ಇಲ್ಲಿ ಬಂದು ಹೇಳಿ, ಅಲ್ಲಿವರೆಗೂ ಏನೂ ಇನ್‌ಸ್ಟಾಲ್ ಮಾಡೋಕೆ ಹೋಗ್ಬೇಡಿ.

ಮೌನಿ77:

ಸೆಕ್ಯೂರಿಟಿ ಬಗ್ಗೆ ನಾನು ಹೇಳ್ತೀನಿ, ಯಾಕಂದ್ರೆ "ಏನೂ ಆಗಲ್ಲ" ಅನ್ನೋ ಮಾತು ಕೇಳಿದ್ರೆ ನಂಗೆ ನಿಜವಾಗಲೂ ಬೇಜಾರಾಗುತ್ತೆ. 2017ರ ಮೇನಲ್ಲಿ ವಾನಾಕ್ರೈ ಬಂತಲ್ಲ, ಫೈಲೆಲ್ಲಾ ಲಾಕ್ ಮಾಡಿ ದುಡ್ಡು ಕೇಳ್ತಿತ್ತು, ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚಲ್ಲೇ ಪ್ಯಾಚ್ ಕೊಟ್ಟಿತ್ತು. ಎರಡು ತಿಂಗಳು ಟೈಮ್ ಇತ್ತು. ಹಾಕ್ಕೊಂಡವರು ಬಚಾವಾದ್ರು, ಹಾಕ್ಕೊಳ್ಳದೇ ಇದ್ದ ಆಸ್ಪತ್ರೆಗಳು, ಫ್ಯಾಕ್ಟರಿಗಳು ದಿನಗಟ್ಟಲೆ ನಿಂತುಹೋದ್ವು. ಯಾರೂ ಯಾವ ಲಿಂಕನ್ನೂ ಒತ್ತಬೇಕಾಗಿರ್ಲಿಲ್ಲ, ಅದೇ ನೆಟ್‌ವರ್ಕಲ್ಲಿ ಪ್ಯಾಚ್ ಇಲ್ಲದ ಮಷೀನ್ ಇದ್ರೆ ಸಾಕಿತ್ತು. "ನಾನು ಹುಷಾರಾಗಿರ್ತೀನಿ" ಅನ್ನೋದು ಇಂಥದ್ದಕ್ಕೆ ನಡೆಯಲ್ಲ.

ಕ್ರೋಮ್ ಅಪ್‌ಡೇಟ್ ಆಗ್ತಿದೆಯಲ್ಲ, ಆ್ಯಂಟಿವೈರಸ್ ಇದೆಯಲ್ಲ ಅಂತ ಕೇಳ್ತಾರೆ. ಹೌದು, ಬ್ರೌಸರುಗಳು ಹಳೇ ವಿಂಡೋಸನ್ನ ತಕ್ಷಣ ಕೈಬಿಡಲ್ಲ, ವಿಂಡೋಸ್ 7 ಸಪೋರ್ಟ್ 2020ರ ಜನವರೀಲಿ ಮುಗಿದ್ರೂ ಕ್ರೋಮ್ 2023ರ ಶುರುವರೆಗೂ ಬರ್ತಾ ಇತ್ತು, 109ನೇ ವರ್ಶನ್ನೇ ಕೊನೇದು. ಡಿಫೆಂಡರ್‌ಗೂ ವೈರಸ್ ಗುರುತಿಸೋ ಅಪ್‌ಡೇಟು ವಿಂಡೋಸ್ 10ರಲ್ಲಿ 2028ರ ಅಕ್ಟೋಬರ್ ತನಕ ಬರುತ್ತೆ. ಆದ್ರೆ ಇವೆಲ್ಲಾ ಮೇಲಿನ ಪದರದ ಕಾವಲು. ಕೆಳಗೆ ವಿಂಡೋಸಿನ ತಿರುಳಾದ ಕರ್ನಲ್ಲು, ನೆಟ್‌ವರ್ಕ್, ಫಾಂಟು ಇಮೇಜು ಓದೋ ಭಾಗಗಳಲ್ಲಿ ತೂತು ಬಿದ್ರೆ ಅದನ್ನ ಮುಚ್ಚೋದು ವಿಂಡೋಸ್ ಅಪ್‌ಡೇಟ್ ಮಾತ್ರ.

ಈಗ ಒಳ್ಳೇ ಸುದ್ದಿ. ಹೊಂಗೆನೆರಳು ಅವರು ಇವತ್ತೇ 11ಕ್ಕೆ ಹೋಗ್ಬೇಕು ಅನ್ನೋ ಒತ್ತಡ ಏನೂ ಇಲ್ಲ. ಇಎಸ್‌ಯು ಅಂತ ಒಂದು ವ್ಯವಸ್ಥೆ ಇದೆ, ಸಪೋರ್ಟ್ ಮುಗಿದ ಮೇಲೂ ಸೆಕ್ಯೂರಿಟಿ ಪ್ಯಾಚ್ ಮಾತ್ರ ಕೊಡೋದು, ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ. ಸೆಟ್ಟಿಂಗ್ಸಲ್ಲಿ ಅಪ್‌ಡೇಟ್ ಆ್ಯಂಡ್ ಸೆಕ್ಯೂರಿಟಿ, ಅಲ್ಲಿ ವಿಂಡೋಸ್ ಅಪ್‌ಡೇಟ್ ಪೇಜಲ್ಲೇ ಎನ್‌ರೋಲ್ ಅನ್ನೋ ಲಿಂಕ್ ಇರುತ್ತೆ. 22ಎಚ್2 ಇರ್ಬೇಕು, ನಿಮ್ಮಲ್ಲಿದೆ. ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗ್ಬೇಕು, ಬರೀ ಲೋಕಲ್ ಅಕೌಂಟಲ್ಲಿ ಆಗಲ್ಲ. ಆ ಅಕೌಂಟಿಗೆ ಸೆಟ್ಟಿಂಗ್ಸ್ ಬ್ಯಾಕಪ್ ಆಗೋಕೆ ಒಪ್ಪಿದ್ರೆ ದುಡ್ಡಿಲ್ಲ, ಅದು ಬೇಡ ಅನ್ನೋರು 1000 ರಿವಾರ್ಡ್ಸ್ ಪಾಯಿಂಟ್ ಕೊಡ್ಬಹುದು ಇಲ್ಲಾ ಒಂದ್ಸಲ ದುಡ್ಡು ಕಟ್ಬಹುದು. ಒಂದು ಅಕೌಂಟಲ್ಲಿ 10 ಮಷೀನ್ ತನಕ ಸೇರಿಸ್ಬಹುದು. ಇಷ್ಟು ದಿನ ಸೇರಿಲ್ಲ ಅಂದ್ರೂ ಚಿಂತೆ ಇಲ್ಲ, ಸೇರಿದ ಮೇಲೆ ಹಿಂದಿನ ಪ್ಯಾಚುಗಳೂ ಬರುತ್ವೆ.

ಒಂದು ಕಿವಿಮಾತು, ಬ್ಯಾಕಪ್ ಅಂದ ತಕ್ಷಣ ನಿಮ್ಮ ಡಾಕ್ಯುಮೆಂಟ್ಸ್, ಫೋಟೋ ಎಲ್ಲಾ ಒನ್‌ಡ್ರೈವಿಗೆ ಹೋಗ್ಲೇಬೇಕು ಅಂತೇನಿಲ್ಲ. ಫ್ರೀ ಜಾಗ 5 ಜಿಬಿ ಅಷ್ಟೇ ಇರೋದು, ಅನುವಾದದ ಫೈಲು, ಸ್ಕ್ಯಾನು ಎಲ್ಲಾ ಹೋಗೋಕೆ ಶುರುವಾದ್ರೆ ಒಂದೇ ದಿನಕ್ಕೆ ತುಂಬಿಹೋಗುತ್ತೆ. ಫೋಲ್ಡರುಗಳನ್ನ ಆಫ್ ಮಾಡಿ ಸೆಟ್ಟಿಂಗ್ಸ್ ಮಾತ್ರ ಇಟ್ಕೊಳ್ಳಿ.

ಹೊಂಗೆನೆರಳು:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಇಬ್ರಿಗೂ ತುಂಬಾ ಥ್ಯಾಂಕ್ಸ್. ಕೀಲಿಮಣೆ ಅವರೇ, ನೀವು ಹೇಳಿದ್ದೆಲ್ಲಾ ಮಾಡಿ ನೋಡ್ದೆ. ಟಾಸ್ಕ್ ಮ್ಯಾನೇಜರಲ್ಲಿ ಡಿಸ್ಕ್ 100%, ಕೆಳಗೇ ಇಳೀತಿಲ್ಲ, ಸಿಪಿಯು 12, 18 ಹಾಗೆ ಆಡ್ತಿದೆ, ನೀವು ಅಂದಂಗೇ.

ಆದ್ರೆ ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ಹಳದಿ ಬಂದಿದೆ, ಕಾಶನ್ ಅಂತ. ಕೆಳಗಿರೋ ಪಟ್ಟೀಲಿ ಎರಡು ಸಾಲಿನ ಪಕ್ಕ ಹಳದಿ ಚುಕ್ಕೆ ಇದೆ, ರೀಅಲೊಕೇಟೆಡ್ ಸೆಕ್ಟರ್ಸ್ ಕೌಂಟ್, ಕರೆಂಟ್ ಪೆಂಡಿಂಗ್ ಸೆಕ್ಟರ್ ಕೌಂಟ್. ಮಿಕ್ಕಿದ್ದೆಲ್ಲಾ ನೀಲಿ. ಇದಕ್ಕೆ ಹೆದರ್ಬೇಕಾ? ಮೂರು ವರ್ಷದ ಕೆಲಸ ಎಲ್ಲಾ ಇದ್ರಲ್ಲೇ ಇದೆ.

ಕೀಲಿಮಣೆ:

ಮೊದಲು ಮಾಡ್ಬೇಕಾದ್ದು, ಇದನ್ನ ಓದಿ ಮುಗಿಸಿದ ತಕ್ಷಣ ಒಂದು ಎಕ್ಸ್‌ಟರ್ನಲ್ ಡಿಸ್ಕೋ ಪೆನ್‌ಡ್ರೈವೋ ಹಾಕಿ ಕೆಲಸದ ಫೈಲುಗಳನ್ನ ಕಾಪಿ ಮಾಡಿ. ಮಗಳ ಫೈಲೂ ಸೇರಿಸಿ. ಸಿನಿಮಾ, ಹಾಡೆಲ್ಲಾ ಆಮೇಲೆ. ದೊಡ್ಡ ಫೋಲ್ಡರನ್ನ ಒಂದೇ ಸಲ ಎಳೆದು ಹಾಕ್ಬೇಡಿ, ಓದೋಕೆ ಬಾರದ ಒಂದು ಫೈಲ್ ಹತ್ರ ಇಡೀ ಕಾಪಿ ನಿಂತುಬಿಡುತ್ತೆ, ಚಿಕ್ಕ ಚಿಕ್ಕದಾಗಿ ಮಾಡಿ, ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಸ್ಕಿಪ್ ಕೊಟ್ಟು ಮುಂದೆ ಹೋಗಿ. ಕಾಪಿ ಆದ ಮೇಲೆ ಪೆನ್‌ಡ್ರೈವಿಂದಲೇ ನಾಕೈದು ಫೈಲ್ ತೆಗೆದು ನೋಡಿ, ನಿಜವಾಗಲೂ ತೆರ್ಕೊಳ್ತಾ ಅಂತ.

ಈಗ ಆ ಎರಡು ಸಾಲು ಏನು ಹೇಳ್ತಿದೆ ಅಂತ. ರೀಅಲೊಕೇಟೆಡ್ ಅಂದ್ರೆ ಡಿಸ್ಕಿನ ಕೆಲವು ಸಣ್ಣ ಜಾಗ (ಸೆಕ್ಟರ್) ಆಗಲೇ ಕೆಟ್ಟುಹೋಗಿ, ಅದಕ್ಕೆ ಬದಲಾಗಿ ಮೀಸಲಿಟ್ಟ ಜಾಗನ ಡಿಸ್ಕು ತಾನೇ ಬಳಸ್ಕೊಂಡಿದೆ. ಪೆಂಡಿಂಗ್ ಅನ್ನೋದು ಅದಕ್ಕಿಂತ ಚಿಂತೆ ಪಡ್ಬೇಕಾದ್ದು, ಅಲ್ಲಿರೋದನ್ನ ಓದೋಕೆ ಹೋಗಿ ಆಗಿಲ್ಲ, ಮುಂದೆ ಯಾವಾಗಾದ್ರೂ ಅಲ್ಲಿ ಬರೆಯೋಕೆ ಬಂದಾಗ ತೀರ್ಮಾನ ಮಾಡೋಣ ಅಂತ ಪಕ್ಕಕ್ಕಿಟ್ಟಿರೋ ಜಾಗ. ಇಂಥ ಡಿಸ್ಕ್ ಇನ್ನೊಂದು ವರ್ಷ ಎಳೀಬಹುದು, ಮುಂದಿನ ವಾರನೂ ಹೋಗ್ಬಹುದು, ಯಾರೂ ಗ್ಯಾರಂಟಿ ಕೊಡೋಕಾಗಲ್ಲ. ಎರಡು ಮೂರು ದಿನ ಬಿಟ್ಟು ಮತ್ತೆ ನೋಡಿದಾಗ ಆ ನಂಬರ್ ಏರಿದ್ರೆ ಬೇಗ ಹೋಗುತ್ತೆ ಅಂತ ತಿಳ್ಕೊಳ್ಳಿ.

ಇದಕ್ಕೂ ಅಪ್‌ಗ್ರೇಡಿಗೂ ನೇರ ಸಂಬಂಧ ಇದೆ, ಅದಕ್ಕೇ ನಾನು ಮೊದಲು ಇದನ್ನ ನೋಡಿ ಅಂದಿದ್ದು. 10ರ ಮೇಲೆ 11 ಹಾಕುವಾಗ ಸೆಟಪ್ಪು ಇರೋ ವಿಂಡೋಸನ್ನೆಲ್ಲಾ ವಿಂಡೋಸ್ ಡಾಟ್ ಓಲ್ಡ್ ಅನ್ನೋ ಫೋಲ್ಡರಿಗೆ ಸರಿಸಿ, ಹೊಸದನ್ನ ಹತ್ತಾರು ಜಿಬಿ ಬರೆದು, ನಿಮ್ಮ ಪ್ರೋಗ್ರಾಂ ಸೆಟ್ಟಿಂಗ್ ಎಲ್ಲಾ ಅದಕ್ಕೆ ಸೇರಿಸುತ್ತೆ. ಎಲ್ಲಾ ಸರಿ ಇದ್ರೆ 10 ದಿನದೊಳಗೆ ವಾಪಸ್ ಹಳೇದಕ್ಕೆ ಹೋಗೋ ಅವಕಾಶನೂ ಇರುತ್ತೆ. ಆದ್ರೆ ಮಧ್ಯದಲ್ಲಿ ಓದೋಕೆ ಬಾರದ ಸೆಕ್ಟರ್ ಸಿಕ್ಕಿತು ಅಂದ್ರೆ ಅದು ಅರ್ಧಕ್ಕೆ ನಿಲ್ಲುತ್ತೆ, ವಾಪಸ್ ಹೋಗೋಕೂ ಅದೇ ಡಿಸ್ಕನ್ನ ಓದ್ಬೇಕಲ್ಲ, ಅಲ್ಲೂ ನಿಲ್ಲುತ್ತೆ. ಮನೇಲಿ ಇರೋದು ಇದೊಂದೇ ಲ್ಯಾಪ್‌ಟಾಪ್ ಅಂತೀರಿ, ಈ ಡಿಸ್ಕಲ್ಲಿ ಯಾವ ಅಪ್‌ಗ್ರೇಡೂ ಖಂಡಿತ ಬೇಡ.

2.5 ಇಂಚಿನ ಸಾಟಾ ಎಸ್ಎಸ್‌ಡಿ ಹಾಕ್ಸಿ. ಆ ಕಾಲದ ಲ್ಯಾಪ್‌ಟಾಪುಗಳಲ್ಲಿ ಹಿಂದಿನ ಮುಚ್ಚಳ ತೆಗೆದ್ರೆ ಹಳೇ ಡಿಸ್ಕ್ ಇರೋ ಜಾಗದಲ್ಲೇ ಅದು ಕೂರುತ್ತೆ. ಕ್ಲೋನ್ (ಇಡೀ ಡಿಸ್ಕನ್ನ ಹಾಗೇ ನಕಲು) ಮಾಡೋಕೆ ಹೋಗ್ಬೇಡಿ, ಕೆಟ್ಟ ಸೆಕ್ಟರ್ ಇರೋ ಡಿಸ್ಕಿಂದ ಕ್ಲೋನ್ ಮಾಡಿದ್ರೆ ಓದೋಕಾಗದ ಜಾಗದಲ್ಲಿ ಗಂಟೆಗಟ್ಟಲೆ ಗುದ್ದಾಡುತ್ತೆ, ಇದ್ದ ಜೀವನೂ ಹೋಗುತ್ತೆ. ಹೊಸ ಎಸ್ಎಸ್‌ಡಿ ಮೇಲೆ ಹೊಸದಾಗೇ ಇನ್‌ಸ್ಟಾಲ್ ಮಾಡಿ.

ನಿಘಂಟುಪ್ರಿಯ:

ಎಸ್ಎಸ್‌ಡಿ ವಿಷಯದಲ್ಲಿ ಎರಡು ಮಾತಿಲ್ಲ. ಅದು ಹಾಕಿದ ಮೇಲೆ ಏನ್ ಇನ್‌ಸ್ಟಾಲ್ ಮಾಡೋದು ಅನ್ನೋದಕ್ಕೆ ಮೂರನೇ ದಾರೀನೂ ಇದೆ, ಯಾರೂ ಹೇಳ್ಲಿಲ್ಲ ಅಂತ ಬರೀತಿದೀನಿ. ಲಿನಕ್ಸ್ ಮಿಂಟ್, ವಿಂಡೋಸ್ ಬದಲು ಹಾಕ್ಕೊಳ್ಳೋ ಫ್ರೀ ಆಪರೇಟಿಂಗ್ ಸಿಸ್ಟಮ್. 22ನೇ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ, ಪ್ರೊಸೆಸರ್ ಯಾವ ಜನರೇಶನ್ ಅಂತ ಅದು ಕೇಳೋದೇ ಇಲ್ಲ, 4 ಜಿಬಿ ರ‍್ಯಾಮ್ ಇದ್ರೆ ಆರಾಮ ಅಂತ ಅವರೇ ಹೇಳ್ತಾರೆ, ನಿಮ್ಮಲ್ಲಿ ಅದರ ಎರಡರಷ್ಟಿದೆ. ನಾನೂ ಪುಸ್ತಕ ತಿದ್ದೋ ಕೆಲಸ ಮಾಡೋನೇ, ಕೆಲವು ವರ್ಷದಿಂದ ಇದ್ರಲ್ಲೇ ಇದೀನಿ.

ಆದ್ರೆ ನಿಮಗೆ ಸರಿಹೋಗುತ್ತಾ ಅನ್ನೋದು ನೀವು ಯಾವ ಫೈಲುಗಳ ಜೊತೆ ಬದುಕ್ತೀರಿ ಅನ್ನೋದ್ರ ಮೇಲಿದೆ. ಕನ್ನಡ ಟೈಪಿಂಗ್ ಸಮಸ್ಯೆ ಅಲ್ಲ, ಐಬಸ್ ಅನ್ನೋ ಟೈಪಿಂಗ್ ವ್ಯವಸ್ಥೆ ಜೊತೆ ಎಂ17ಎನ್ ಅನ್ನೋ ಕೀಲಿಮಣೆಗಳ ಸಂಗ್ರಹ ಹಾಕ್ಕೊಂಡ್ರೆ ಕೆಜಿಪಿ ಕೀಲಿಮಣೆ ವಿನ್ಯಾಸ ಅದ್ರಲ್ಲೇ ಇದೆ, ನುಡಿ ಅಭ್ಯಾಸ ಇರೋರ ಬೆರಳು ಹಾಗೇ ಓಡುತ್ತೆ. ಲಿಬ್ರೆ ಆಫೀಸಲ್ಲಿ ವರ್ಡ್ ಫೈಲ್ ತೆರೆಯೋದು, ಉಳಿಸೋದೂ ಆಗುತ್ತೆ. ಸಮಸ್ಯೆ ಬರೋದು ಪ್ರಕಾಶಕರ ಜೊತೆ ಟ್ರ್ಯಾಕ್ ಚೇಂಜಸ್, ಪಕ್ಕದ ಕಾಮೆಂಟು ಇರೋ ಫೈಲನ್ನ ಹತ್ತು ಸಲ ಅತ್ತಿಂದಿತ್ತ ಕಳಿಸುವಾಗ, ಅಡಿಟಿಪ್ಪಣಿ ಪುಟ ಬದಲಾಯಿಸ್ಕೊಳ್ಳುತ್ತೆ, ಟೇಬಲ್ ಜರುಗುತ್ತೆ. ಅನುವಾದಕರ ಕೆಲವು ಸಾಫ್ಟ್‌ವೇರ್ ವಿಂಡೋಸಿಗೆ ಮಾತ್ರ ಇರೋದು, ಅದನ್ನ ಬಳಸ್ತೀರಾ ನೋಡಿ. ಹಳೇ ನುಡಿ, ಬರಹ ಫಾಂಟಲ್ಲಿ ಯೂನಿಕೋಡ್ ಅಲ್ಲದೇ ಇರೋ ಫೈಲುಗಳಿದ್ರೆ ಈಗಲೇ ವಿಂಡೋಸಲ್ಲಿ ಇರುವಾಗಲೇ ಯೂನಿಕೋಡಿಗೆ ಬದಲಾಯಿಸಿ ಇಟ್ಕೊಳ್ಳಿ, ಎಲ್ಲಿಗೇ ಹೋದ್ರೂ ಉಪಯೋಗ ಆಗುತ್ತೆ.

ಲಿನಕ್ಸಲ್ಲಿ ನಂಗೆ ಇಷ್ಟ ಆಗೋದು ಏನಂದ್ರೆ ಹಾಕೋ ಮೊದಲೇ ಪರೀಕ್ಷೆ ಮಾಡ್ಬಹುದು. ಪೆನ್‌ಡ್ರೈವಿಗೆ ಬರೆದು ಅದರಿಂದಲೇ ಬೂಟ್ ಮಾಡಿ, ಒಳಗಿನ ಡಿಸ್ಕನ್ನ ಮುಟ್ಟೋದೇ ಇಲ್ಲ. ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಮುಚ್ಚಳ ಮುಚ್ಚಿ ತೆಗೆದ್ರೆ ಎದ್ದೇಳುತ್ತಾ, ಮುಖ್ಯವಾಗಿ ನಿಮ್ಮ ಸ್ಕ್ಯಾನರ್. ಅದನ್ನ ಚುಚ್ಚಿ, ಅಲ್ಲಿರೋ ಡಾಕ್ಯುಮೆಂಟ್ ಸ್ಕ್ಯಾನರ್ ತೆಗೆದು ಒಂದು ಪುಟ ತೆಗೀರಿ. ಬಂದ್ರೆ ಬಂತು, ಬರ್ಲಿಲ್ಲ ಅಂದ್ರೆ ಲಿನಕ್ಸ್ ಬಗ್ಗೆ ಯೋಚನೆ ಅಲ್ಲಿಗೇ ಬಿಡಿ, ಆ ಮಾಡೆಲಿಗೆ ಡ್ರೈವರ್ ಇಲ್ಲದೇ ಇದ್ರೆ ಅದನ್ನ ಹುಡುಕ್ತಾ ಕೂರೋದು ನಿಮ್ಮ ಕೆಲಸ ಅಲ್ಲ.

ದೀಪುಟೆಕ್:

ಡಿಸ್ಕ್ ಹೋಗ್ತಿದೆ ಅಂದ್ರೆ ಬೇರೆ ಮಾತು, ಕೀಲಿಮಣೆ ಸರ್ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ ಇದೆ. ಆದ್ರೆ ಎಸ್ಎಸ್‌ಡಿ ಹಾಕಿ ಹೊಸದಾಗಿ ಇನ್‌ಸ್ಟಾಲ್ ಮಾಡ್ತಾರೆ ಅಂದ್ಮೇಲೆ ನೇರವಾಗಿ 11ನ್ನೇ ಯಾಕೆ ಹಾಕ್ಬಾರ್ದು? 10 ಹಾಕಿ ಮತ್ತೆ ಅಕ್ಟೋಬರಲ್ಲಿ ಇದೇ ಪ್ರಶ್ನೆ ಬರುತ್ತಲ್ಲ. 7200ಯು ಅಂಥ ಕೆಟ್ಟ ಪ್ರೊಸೆಸರೇನಲ್ಲ, ಮೈಕ್ರೋಸಾಫ್ಟ್ ಬೇಕಂತಾನೇ ಹೊರಗಿಟ್ಟಿದೆ.

ಮೌನಿ77:

ದೀಪು, ನಿಮ್ಮ ಪ್ರಶ್ನೆ ನ್ಯಾಯವಾಗಿದೆ. ಆ ಪಟ್ಟಿ ಬಗ್ಗೆ ನಂಗೂ ಸಮಾಧಾನ ಇಲ್ಲ. ಇಂಟೆಲ್ 8ನೇ ಜನರೇಶನ್ನಿಂದ, ಎಎಂಡಿ ಆದ್ರೆ ರೈಝೆನ್ 2000 ಸರಣಿಯಿಂದ ಅಂತ ಗೆರೆ ಎಳೆದಿದಾರೆ, 7ನೇ ಜನರೇಶನ್ನಲ್ಲಿ 7820ಎಚ್‌ಕ್ಯೂ ಥರದ ಬೆರಳೆಣಿಕೆಯಷ್ಟು ಮಾತ್ರ ಒಳಗಿವೆ. ಮೆಮರಿ ಇಂಟೆಗ್ರಿಟಿ ಅಂತ ಒಂದು ರಕ್ಷಣೆ ಇದೆ, ಕರ್ನಲ್ ಒಳಗೆ ಓಡೋ ಕೋಡನ್ನ ವರ್ಚುವಲೈಸೇಶನ್ ಮೂಲಕ ಪ್ರತ್ಯೇಕವಾಗಿ ಪರೀಕ್ಷೆ ಮಾಡೋದು. ಪ್ರೊಸೆಸರಲ್ಲೇ ಅದಕ್ಕೆ ಬೇಕಾದ ಎಂಬಿಇಸಿ ಸೌಲಭ್ಯ ಇದ್ರೆ ಅದು ಹಗುರವಾಗಿ ನಡೆಯುತ್ತೆ, ಇಲ್ಲದೇ ಇದ್ರೆ ಸಾಫ್ಟ್‌ವೇರಲ್ಲಿ ಅದನ್ನೇ ಅನುಕರಿಸ್ಬೇಕು, ಮಷೀನ್ ಭಾರ ಆಗುತ್ತೆ. ಇಂಟೆಲಲ್ಲಿ ಆ ಸೌಲಭ್ಯ ಶುರುವಾಗಿದ್ದೇ 7ನೇ ಜನರೇಶನ್ನಿನ ಕಬಿ ಲೇಕಿಂದ, ಅಂದ್ರೆ ಹೊಂಗೆನೆರಳು ಅವರ 7200ಯುನಲ್ಲೂ ಇದೆ, ನಿಮ್ಮ 6ನೇ ಜನರೇಶನ್ನಲ್ಲಿ ಇಲ್ಲ. ಆದ್ರೂ ಇಬ್ರೂ ಪಟ್ಟಿಯಿಂದ ಹೊರಗೆ. ಹಾಗಾಗಿ "ಓಡುತ್ತಾ" ಅಂತ ಕೇಳಿದ್ರೆ ಓಡುತ್ತೆ.

ನನ್ನ ಹೆದರಿಕೆ ಬೇರೆ. ಈ ಥರ ಹಾಕಿದ ಮಷೀನಿಗೆ ಅಪ್‌ಡೇಟ್ ಕೊಡೋ ಹೊಣೆ ನಮ್ಮದಲ್ಲ ಅಂತ ಮೈಕ್ರೋಸಾಫ್ಟ್ ಲಿಖಿತವಾಗೇ ಹೇಳಿದೆ. ತಿಂಗಳ ಪ್ಯಾಚ್ ಬರ್ತಿದೆ ಸರಿ, ವರ್ಷಕ್ಕೊಂದು ಬರೋ ದೊಡ್ಡ ವರ್ಶನ್ ಮಾತ್ರ ತಾನಾಗಿ ಬರಲ್ಲ, ಐಎಸ್ಒ ಇಳಿಸಿ ಮತ್ತೆ ಅದೇ ಚೆಕ್ ದಾಟಿಸಿ ಕೈಯಾರೆ ಹಾಕ್ಬೇಕು. ಹೋಮ್ ಎಡಿಶನ್ನಲ್ಲಿ ಒಂದು ವರ್ಶನ್ನಿಗೆ 24 ತಿಂಗಳಷ್ಟೇ ಆಯಸ್ಸು, ಮರೆತು ಕೂತ್ರೆ 11 ಇದ್ರೂ ಸಪೋರ್ಟ್ ಇಲ್ಲದ ಮಷೀನೇ. ಜೊತೆಗೆ 24ಎಚ್2 ಬಂದಾಗ ಏನಾಯ್ತು, ಪಾಪ್‌ಕೌಂಟ್ ಅನ್ನೋ ಒಂದು ಇನ್‌ಸ್ಟ್ರಕ್ಷನ್ ಇಲ್ಲದ ತುಂಬಾ ಹಳೇ ಪ್ರೊಸೆಸರಲ್ಲಿ ಬೂಟೇ ಆಗ್ಲಿಲ್ಲ. 7200ಯುಗೆ ಆ ತೊಂದ್ರೆ ಇಲ್ಲ, ಆದ್ರೆ ಯಾವತ್ತೋ ಬರೋ ಅಂಥದ್ದೇ ಬದಲಾವಣೆ ನಿಮಗೆ ಮೊದಲೇ ಹೇಳಿ ಬರಲ್ಲ. ನಿಮಗೆ ಇದ್ರಲ್ಲಿ ಆಸಕ್ತಿ ಇದೆ, ಕೆಟ್ರೆ ಕೂತು ಸರಿ ಮಾಡ್ಕೋತೀರಿ. ಸೋಮವಾರ ಬೆಳಿಗ್ಗೆ ಅನುವಾದ ಕಳಿಸ್ಬೇಕಾದ, ಬೇರೆ ಮಷೀನ್ ಇಲ್ಲದ ಮನೇಲಿ ನಾನು ಅದನ್ನ ಹಾಕಿ ಅಂತ ಹೇಳಲ್ಲ.

ಸಂಪಿಗೆಮರ:

ಮಧ್ಯ ಬಾಯಿ ಹಾಕ್ತಿದೀನಿ, ಕ್ಷಮಿಸಿ, ನಂದೂ ಹೆಚ್ಚೂಕಮ್ಮಿ ಇದೇ ಕಥೆ. ಐ3-8130ಯು, 4 ಜಿಬಿ ರ‍್ಯಾಮ್, ಎಸ್ಎಸ್‌ಡಿ ಇದೆ. ಪ್ರೊಸೆಸರಿಗೆ ಹಸಿರು ಬಂದಿದೆ ಆದ್ರೆ ಟಿಪಿಎಂ ಇಲ್ಲ, ಸೆಕ್ಯೂರ್ ಬೂಟ್ ಇಲ್ಲ ಅಂತ ತೋರಿಸ್ತಿದೆ. ಟಿಪಿಎಂ ಅಂದ್ರೆ ಹೊಸ ಚಿಪ್ ಹಾಕಿಸ್ಬೇಕಾ?

ಕೀಲಿಮಣೆ:

ಸಂಪಿಗೆಮರ, ಬೇಡ ಬೇಡ, ಚಿಪ್ ಏನೂ ತಗೋಬೇಕಾಗಿಲ್ಲ. 8ನೇ ಜನರೇಶನ್ ಲ್ಯಾಪ್‌ಟಾಪಲ್ಲಿ ಟಿಪಿಎಂ ಫರ್ಮ್‌ವೇರ್ ಒಳಗೇ ಇರುತ್ತೆ, ಬಯೋಸಲ್ಲಿ (ವಿಂಡೋಸ್ ಶುರುವಾಗೋ ಮುಂಚಿನ ಸೆಟ್ಟಿಂಗ್ಸ್ ಪೇಜ್) ಆಫ್ ಆಗಿರುತ್ತೆ ಅಷ್ಟೇ. ಬಯೋಸಿಗೆ ಹೋಗಿ ಸೆಕ್ಯೂರಿಟಿ ಪೇಜಲ್ಲಿ ಪಿಟಿಟಿ ಇಲ್ಲಾ ಪ್ಲಾಟ್‌ಫಾರ್ಮ್ ಟ್ರಸ್ಟ್ ಟೆಕ್ನಾಲಜಿ ಅಂತ ಹುಡುಕಿ ಆನ್ ಮಾಡಿ, ಎಎಂಡಿ ಆದ್ರೆ ಎಫ್‌ಟಿಪಿಎಂ ಅಂತ ಇರುತ್ತೆ.

ಸೆಕ್ಯೂರ್ ಬೂಟ್ ಇಲ್ಲ ಅಂತಿದೆ ಅಂದ್ರೆ ಬಹುಶಃ ನಿಮ್ಮ ವಿಂಡೋಸನ್ನ ಲೆಗಸಿ ಅನ್ನೋ ಹಳೇ ಬೂಟ್ ಮೋಡಲ್ಲಿ ಹಾಕಿರ್ಬೇಕು. ಸ್ಟಾರ್ಟಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆಗೆದು ಬಯೋಸ್ ಮೋಡ್ ಅನ್ನೋ ಸಾಲು ನೋಡಿ. ಲೆಗಸಿ ಅಂತಿದ್ರೆ ಡಿಸ್ಕಿನ ಪಾರ್ಟಿಶನ್ ಪಟ್ಟಿ ಎಂಬಿಆರ್ ಅನ್ನೋ ಹಳೇ ರೀತೀಲಿದೆ, ಅದನ್ನ ಜಿಪಿಟಿ ಅನ್ನೋ ಹೊಸ ರೀತಿಗೆ ಬದಲಾಯಿಸ್ಬೇಕು. ವಿಂಡೋಸಲ್ಲೇ ಎಂಬಿಆರ್2ಜಿಪಿಟಿ ಅನ್ನೋ ಟೂಲ್ ಇದೆ, ಡೇಟಾ ಅಳಿಸದೇ ಮಾಡುತ್ತೆ, ಆದ್ರೂ ಬ್ಯಾಕಪ್ ಇಲ್ಲದೇ ಮುಟ್ಬೇಡಿ. ಮೊದ್ಲು ವ್ಯಾಲಿಡೇಟ್ ಕೊಟ್ಟು ಒಪ್ಪುತ್ತಾ ನೋಡಿ, ಮೂರಕ್ಕಿಂತ ಜಾಸ್ತಿ ಪ್ರೈಮರಿ ಪಾರ್ಟಿಶನ್ ಇದ್ರೆ ಒಪ್ಪಲ್ಲ. ಕನ್ವರ್ಟ್ ಆದ ಮೇಲೆ ಬಯೋಸಲ್ಲಿ ಲೆಗಸಿಯಿಂದ ಯುಇಎಫ್‌ಐ ಅನ್ನೋ ಹೊಸ ಬೂಟ್ ಮೋಡಿಗೆ ಬದಲಾಯಿಸಿ, ಅದನ್ನ ಬಿಟ್ರೆ ಬೂಟ್ ಆಗಲ್ಲ.

ಇದೆಲ್ಲದಕ್ಕಿಂತ ಮೊದಲು ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆಯಾ ನೋಡ್ಕೊಳ್ಳಿ. ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಎನ್‌ಕ್ರಿಪ್ಶನ್) ಆನ್ ಇರುವಾಗ ಬಯೋಸಲ್ಲಿ ಬೂಟಿನ ಸೆಟ್ಟಿಂಗ್ ಬದಲಾಯಿಸಿದ್ರೆ 48 ಅಂಕಿಯ ರಿಕವರಿ ಕೀ ಕೇಳೋ ನೀಲಿ ಪೇಜ್ ಬರುತ್ತೆ, ಆ ಕೀ ನಿಮ್ಮ ಹತ್ರ ಇರ್ಬೇಕು. ಮೈಕ್ರೋಸಾಫ್ಟ್ ಅಕೌಂಟ್ ಪೇಜಲ್ಲಿ ಇರುತ್ತೆ, ಮೊದಲೇ ಪೇಪರಲ್ಲಿ ಬರೆದಿಟ್ಕೊಂಡು ಆಮೇಲೆ ಬಿಟ್‌ಲಾಕರನ್ನ ಸಸ್ಪೆಂಡ್ ಮಾಡಿ. ಕ್ಲಿಯರ್ ಟಿಪಿಎಂ ಅನ್ನೋ ಆಯ್ಕೆ ಕಣ್ಣಿಗೆ ಬಿದ್ರೂ ಅದರ ತಂಟೆಗೆ ಹೋಗ್ಬೇಡಿ.

ನೀವು 11ಕ್ಕೆ ಹೋಗೋದು ಸರಿ, ಆದ್ರೆ 4 ಜಿಬಿ ಅನ್ನೋದು ಅವರು ಹೇಳೋ ಕನಿಷ್ಠ, ಬ್ರೌಸರ್ ತೆಗೆದ್ರೇ ತುಂಬಿಹೋಗುತ್ತೆ. ರ‍್ಯಾಮಿಗೆ ಖಾಲಿ ಸ್ಲಾಟ್ ಇದೆಯಾ, ಬೋರ್ಡಿಗೇ ಬೆಸುಗೆ ಹಾಕಿದಾರಾ ಅಂತ ಟಾಸ್ಕ್ ಮ್ಯಾನೇಜರಿನ ಮೆಮರಿ ಪೇಜಲ್ಲಿ ಸ್ಲಾಟ್ಸ್ ಯೂಸ್ಡ್ ನೋಡಿ, ಮುಚ್ಚಳ ತೆಗೆದೂ ಖಚಿತ ಮಾಡ್ಕೊಳ್ಳಿ. 8 ಮಾಡ್ಕೊಂಡೇ ಹಾಕಿ.

ಹೊಂಗೆನೆರಳು:

ಎಲ್ಲರ ಮಾತೂ ಓದ್ದೆ, ಮಗಳ ಜೊತೆ ಕೂತು ಇನ್ನೊಂದ್ಸಲ ಓದ್ದೆ. ಫೈಲುಗಳೆಲ್ಲಾ ಕಾಪಿ ಆಯ್ತು, ಒಂದು ಸ್ಕ್ಯಾನ್ ಫೋಲ್ಡರಲ್ಲಿ ಕೆಲವು ಪುಟ ಮಾತ್ರ ಓದೋಕಾಗ್ಲಿಲ್ಲ, ಮೂಲ ಪುಸ್ತಕ ಇದೆ ಮತ್ತೆ ಸ್ಕ್ಯಾನ್ ಮಾಡ್ತೀನಿ. ಪೆಂಡಿಂಗ್ ನಂಬರ್ ಇವತ್ತು ಇನ್ನೂ ಏರಿದೆ.

ನಿರ್ಧಾರ ಇದು: ಎಸ್ಎಸ್‌ಡಿ ಹಾಕಿಸ್ತೀನಿ, ಅದ್ರಲ್ಲಿ ಹೊಸದಾಗಿ ವಿಂಡೋಸ್ 10, ಆಮೇಲೆ ಇಎಸ್‌ಯು. ದೀಪು ಅವರೇ, 11ರ ಆಸೆ ಇದೆ ಆದ್ರೆ ಇದೊಂದೇ ಮಷೀನಲ್ಲಿ ಬೇಡ ಅನ್ಸ್ತು. ಮಿಂಟನ್ನ ಪೆನ್‌ಡ್ರೈವಲ್ಲಿ ಹಾಕಿ ನೋಡೋಕೆ ಮಗಳಿಗೆ ಉತ್ಸಾಹ ಇದೆ, ಸ್ಕ್ಯಾನರ್ ಅದ್ರಲ್ಲಿ ಬಂದ್ರೆ ಅಕ್ಟೋಬರ್ ಒಳಗೆ ಅದರ ಕಡೆ ಹೋಗೋದೋ, ಹೊಸ ಲ್ಯಾಪ್‌ಟಾಪೋ ಅಂತ ಸಮಾಧಾನವಾಗಿ ಯೋಚನೆ ಮಾಡ್ತೀವಿ. ಕೊನೇದಾಗಿ ಒಂದೇ ಡೌಟು, ಡಿಸ್ಕ್ ಬದಲಾಯಿಸಿದ್ರೆ ವಿಂಡೋಸ್ ಲೈಸೆನ್ಸ್ ಹೋಗುತ್ತಾ? ಕೀ ಇರೋ ಸ್ಟಿಕ್ಕರ್ ಯಾವುದೂ ಕಾಣ್ತಿಲ್ಲ.

ಕೀಲಿಮಣೆ:

ಹೋಗಲ್ಲ. ಲೈಸೆನ್ಸ್ ಅಂಟ್ಕೊಂಡಿರೋದು ಮದರ್‌ಬೋರ್ಡಿಗೆ, ಡಿಸ್ಕಿಗಲ್ಲ. ಇನ್‌ಸ್ಟಾಲ್ ಮಾಡುವಾಗ ಕೀ ಕೇಳಿದ್ರೆ ನನ್ನ ಹತ್ರ ಇಲ್ಲ ಅನ್ನೋದನ್ನ ಒತ್ತಿ, ಈಗಿರೋ ಹೋಮ್ ಎಡಿಶನ್ನನ್ನೇ ಆರಿಸ್ಕೊಳ್ಳಿ, ನೆಟ್ ಸಿಕ್ಕಿದ ಮೇಲೆ ತಾನೇ ಆ್ಯಕ್ಟಿವೇಟ್ ಆಗುತ್ತೆ.

ಪೆನ್‌ಡ್ರೈವನ್ನ ಹಳೇ ಡಿಸ್ಕ್ ಇನ್ನೂ ಓಡ್ತಿರುವಾಗಲೇ ಮೀಡಿಯಾ ಕ್ರಿಯೇಶನ್ ಟೂಲಲ್ಲಿ ರೆಡಿ ಮಾಡ್ಕೊಳ್ಳಿ, ಆಮೇಲೆ ಬೇರೆ ಕಂಪ್ಯೂಟರ್ ಹುಡುಕೋ ಹಾಗಾಗ್ಬಾರ್ದು. ಅದ್ರಲ್ಲಿ ನಿಮ್ಮ ಫೈಲೇನಾದ್ರೂ ಇದ್ರೆ ಎಲ್ಲಾ ಅಳಿಸಿಹೋಗುತ್ತೆ, ಬ್ಯಾಕಪ್ ಇರೋ ಪೆನ್‌ಡ್ರೈವ್ ಬೇರೆ, ಇದು ಬೇರೆ ಇರ್ಲಿ. ಸ್ಕ್ಯಾನರಿನ ಡ್ರೈವರನ್ನೂ ಈಗಲೇ ಇಳಿಸಿ ಬ್ಯಾಕಪ್ಪಲ್ಲಿ ಹಾಕಿ, ಹಳೇ ಮಾಡೆಲುಗಳದ್ದು ಕಂಪನಿ ಸೈಟಿಂದ ಯಾವಾಗ ಮಾಯ ಆಗುತ್ತೋ ಹೇಳೋಕಾಗಲ್ಲ. ಬಯೋಸಲ್ಲಿ ಯುಇಎಫ್‌ಐ ಇಟ್ಕೊಂಡೇ ಇನ್‌ಸ್ಟಾಲ್ ಮಾಡಿ, ಮುಂದೆ ಏನೇ ಹಾಕೋದಾದ್ರೂ ಅದೇ ಬೇಕು. ಬ್ಯಾಟರಿ ಸುಸ್ತಾಗಿದೆ ಅಂದ್ರಲ್ಲ, ಚಾರ್ಜರ್ ಚುಚ್ಚಿಕೊಂಡೇ ಕೂರಿ. ಹಳೇ ಡಿಸ್ಕನ್ನ ತಕ್ಷಣ ಯಾರಿಗೂ ಕೊಡ್ಬೇಡಿ, ಒಂದೆರಡು ತಿಂಗಳು ಡ್ರಾಯರಲ್ಲಿರ್ಲಿ, ಯಾವುದೋ ಫೈಲ್ ಬಿಟ್ಟುಹೋಗಿದೆ ಅಂತ ಆಮೇಲೆ ನೆನಪಾಗುತ್ತೆ.